ಬಾಯಿಬಿಟ್ಟು ಹೇಳು

ಗ್ರಿಮ್ಸ್‌ಬಿಯ ಈ ಬಾಡಿಗೆ ಮನೆಯಲ್ಲಿ
ದಿಂಬಿಗೊಂದು ಹೆಸರಿಟ್ಟಿದ್ದೇವೆ: ಮಿಸ್ಟರ್ ಹಾರ್ಗ್ರೀವ್.
ವಯಸ್ಸು ಎಪ್ಪತ್ತೆರಡು. ಪೆನಿಸಿಲಿನ್ ಆಗಿಬರುವುದಿಲ್ಲ.
ಹೆಂಡತಿ ತೀರಿಕೊಂಡಿದ್ದಾಳೆ, ಮನೆಯಲ್ಲೊಂದು ಬೆಕ್ಕು.
ಬೆಕ್ಕನ್ನು ಸೇರಿಸಿದ್ದು ಮೆರ್ಲಿಂಡಾ,
ಅಭ್ಯಾಸದ ಹಾಳೆಯಲ್ಲಿ ಅದಿರಲಿಲ್ಲ.

ರಾತ್ರಿಪಾಳಿ ಮುಗಿಸಿ ಬಂದು, ಷೂ ಕೂಡ ಬಿಚ್ಚದೆ
ಅವನ ಪಕ್ಕ ನಿಲ್ಲುತ್ತೇನೆ.
ನಮಸ್ಕಾರ, ನಾನು ಸುವಾರ್ತಾ,
ಇವತ್ತು ನಿಮ್ಮನ್ನು ನೋಡಿಕೊಳ್ಳುವ ನರ್ಸ್.
ನಿಮ್ಮನ್ನು ಏನೆಂದು ಕರೆಯಲಿ?
ದಿಂಬು ಏನೂ ಅನ್ನುವುದಿಲ್ಲ.
ಕೈ ತೊಳೆಯುತ್ತಿದ್ದೇನೆ ಎಂದು ಹೇಳಿ
ಗಾಳಿಯಲ್ಲಿ ಕೈ ತೊಳೆಯುತ್ತೇನೆ.

ಹೋದ ಸಲ ಫೇಲಾದದ್ದು ಇದಕ್ಕೇ.
ಸೂಜಿ ಸರಿಯಾಗಿ ಇಳಿದಿತ್ತು, ಲೆಕ್ಕ ತಪ್ಪಿರಲಿಲ್ಲ,
ಸೀಸೆಯ ಮೇಲಿನ ತಾರೀಖನ್ನು ಕಣ್ಣು ನೋಡಿತ್ತು.
ಬಾಯಿ ಹೇಳಿರಲಿಲ್ಲ.
ಹಾಳೆ ಹಿಡಿದು ಮೂಲೆಯಲ್ಲಿ ಕೂತವಳಿಗೆ
ನನ್ನ ಕಣ್ಣೊಳಗಿನದು ಕಾಣುವುದು ಹೇಗೆ?
ಪತ್ರ ಬಂತು, ಮೂರೇ ಸಾಲು:
ಅಭ್ಯರ್ಥಿಯು ಔಷಧದ ಅವಧಿಯನ್ನು ಪರಿಶೀಲಿಸಿದ್ದು ಕಂಡುಬಂದಿಲ್ಲ.
ಮತ್ತೆ ಕೂರಲು ಇಷ್ಟು ಪೌಂಡು.
ರೂಪಾಯಿಗೆ ಗುಣಿಸಬೇಡ ಎಂದು ಮೆರ್ಲಿಂಡಾ ಗದರಿದಳು.
ಗುಣಿಸಿ ಆಗಿತ್ತು.

ಬೀದರಿನ ಮಿಷನ್ ಆಸ್ಪತ್ರೆಗೆ ಸೇರಿದ ದಿನ
ಮೇಟ್ರನ್ ಸುಜ್ಞಾನಮ್ಮ ಒಂದೇ ಮಾತು ಹೇಳಿದ್ದರು:
ಬಾಯಿ ಕಟ್ಟು, ಕೈ ಬಿಚ್ಚು.
ಆಮೇಲಿನ ಹನ್ನೊಂದು ವರ್ಷ ಬರೀ ಹುಬ್ಬಿನ ಭಾಷೆ.
ಒಂದು ಹುಬ್ಬು ಎದ್ದರೆ ಡ್ರಿಪ್ ಬದಲಿಸು,
ಎರಡೂ ಎದ್ದರೆ ಓಡು, ಡಾಕ್ಟರನ್ನು ಎಬ್ಬಿಸು.
ಕರೆಂಟು ಹೋದ ಒಂದು ರಾತ್ರಿ
ಮೊಬೈಲಿನ ಬೆಳಕನ್ನು ಹಲ್ಲಲ್ಲಿ ಕಚ್ಚಿ ಹಿಡಿದು
ವಾಂತಿಭೇದಿಗೆ ಬತ್ತಿದ್ದ ಕೂಸಿನ ನೆತ್ತಿಯಲ್ಲಿ ನರ ಹುಡುಕಿದ್ದೆ.
ಬಾಯಿ ಖಾಲಿ ಇರಲಿಲ್ಲ, ಮೇಡಂ, ಹೇಳುವುದಕ್ಕೆ.

ಈಗ ಹೇಳುತ್ತೇನೆ. ಎಲ್ಲವನ್ನೂ ಹೇಳುತ್ತೇನೆ.
ಕೆಟಲಿನಲ್ಲಿ ನೀರಿನ ಮಟ್ಟ ನೋಡುತ್ತಿದ್ದೇನೆ.
ಹಾಲಿನ ಡಬ್ಬಿಯ ತಾರೀಖು ನೋಡುತ್ತಿದ್ದೇನೆ,
ಇಪ್ಪತ್ತೊಂದು, ಇನ್ನೂ ಎರಡು ದಿನ ಇದೆ.
ಬಸ್ಸಿನಲ್ಲಿ ನನ್ನ ತುಟಿ ಅಲ್ಲಾಡುವುದನ್ನು ಕಂಡು
ಎದುರಿಗೆ ಕೂತ ಹುಡುಗ ಸೀಟು ಬದಲಿಸಿದ.
ಜಪ ಅಂದುಕೊಂಡನೋ ಮರುಳು ಅಂದುಕೊಂಡನೋ.
ಬೇಕಾದದ್ದನ್ನು ಇರುವುದರಿಂದ ಭಾಗಿಸು, ಮಗೂ,
ದ್ರವದಿಂದ ಗುಣಿಸು. ಅಷ್ಟೇ ಅದು.

ವಾರ್ಡಿನಲ್ಲಿ ನನ್ನದು ಇನ್ನೂ ಬೂದಿ ಬಣ್ಣದ ಅಂಗಿ.
ನೀಲಿ ಅಂಗಿಯವರು ಔಷಧಿ ಕೊಡಬಹುದು,
ನಾನು ಟೋಸ್ಟಿಗೆ ಬೆಣ್ಣೆ ಸವರಬಹುದು.
ಮೊನ್ನೆ ಬೆಳಗಿನ ಜಾವ, ಮೂರೂವರೆ.
ಒಂಬತ್ತನೇ ಹಾಸಿಗೆಯ ಡೆನಿಸ್,
ಮೀನಿನ ಹಡಗಿನಲ್ಲಿ ಐಸ್‌ಲ್ಯಾಂಡಿನ ತನಕ ಹೋಗಿಬಂದವನು,
ಹೊದಿಕೆಯ ಅಂಚನ್ನು ಬಲೆ ಬಿಡಿಸುವವನಂತೆ ಬಿಡಿಸುತ್ತಿದ್ದ.
ಉಸಿರು ಎಣಿಸಿದೆ. ನಿಮಿಷಕ್ಕೆ ಇಪ್ಪತ್ತೆಂಟು.
ಯಂತ್ರವಿನ್ನೂ ಕೂಗಿರಲಿಲ್ಲ.
ಅವನ ಉಗುರಿನ ಬುಡ ಕಂಡದ್ದೇ ನನ್ನ ಎರಡೂ ಹುಬ್ಬು ಎದ್ದವು.
ಇಲ್ಲಿ ಹುಬ್ಬು ಓದುವವರು ಯಾರಿದ್ದಾರೆ?

ಬಾಯಿಬಿಟ್ಟೆ.
ಕಾರಿಡಾರಿನ ಆ ತುದಿಗೆ ಕೇಳುವ ಹಾಗೆ,
ದಿಂಬಿಗೆ ಒಪ್ಪಿಸಿದ ಅದೇ ಕ್ರಮದಲ್ಲಿ,
ಗಂಟಲು, ಉಸಿರು, ರಕ್ತ, ಎಚ್ಚರ, ಮೈ.
ನೀಲಿ ಅಂಗಿ ಓಡಿಬಂತು.
ಆಮೇಲೆ ಬಹಳ ಜನ ಬಂದರು, ನಾನು ಪರದೆ ಎಳೆದೆ.

ಅದಕ್ಕೆ ಅಂಕ ಇಲ್ಲ.
ಮರುದಿನ ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು ಡೆನಿಸ್ ಕೇಳಿದ,
ರಾತ್ರಿ ಅರಚಿದವಳು ನೀನೇನಾ?
ಹೌದು.
ನಮ್ಮ ಹಡಗಿನಲ್ಲಿ ಕೆಲಸ ಕೊಡುತ್ತಿದ್ದೆ, ಅಂದ.

ಗುರುವಾರ ಪರೀಕ್ಷೆ. ಬೆಳಿಗ್ಗೆ ಐದೂಕಾಲರ ಟ್ರೈನು,
ಡಾಂಕಾಸ್ಟರಿನಲ್ಲಿ ಬದಲಿಸಬೇಕು.
ಉಗುರು ಕತ್ತರಿಸಿದ್ದೇನೆ, ಉಂಗುರ ಬಿಚ್ಚಿಟ್ಟಿದ್ದೇನೆ,
ಪಾಸ್‌ಪೋರ್ಟು ಚೀಲದಲ್ಲಿದೆ. ಇದನ್ನೆಲ್ಲ ಗಟ್ಟಿಯಾಗಿಯೇ ಹೇಳಿದ್ದೇನೆ,
ಪಕ್ಕದ ಕೋಣೆಯಿಂದ ಮೆರ್ಲಿಂಡಾ
ಕಂಡುಬಂದಿದೆ, ಕಂಡುಬಂದಿದೆ ಎಂದು ಕೂಗುತ್ತಾಳೆ.

ದೀಪ ಆರಿಸುತ್ತಿದ್ದೇನೆ, ಮಿಸ್ಟರ್ ಹಾರ್ಗ್ರೀವ್.
ನನ್ನ ತಲೆಯನ್ನು ಈಗ ನಿಮ್ಮ ಮೇಲೆ ಇಡುತ್ತೇನೆ.
ನಿಮ್ಮ ಒಪ್ಪಿಗೆ ಇದೆಯೇ?